ಕಾಯುವವರ ಕೃತಜ್ಞತೆ

ಕಾಯುವುದು ಮನುಷ್ಯನಿಗೆ ಹೊಸದಲ್ಲ. ರೈತನು ಮಳೆಗಾಗಿ ಕಾಯುತ್ತಾನೆ. ತಾಯಿಯು ಪರಸ್ಥಳಕ್ಕೆ ಹೋದ ಮಗನಿಗಾಗಿ ಕಾಯುತ್ತಾಳೆ. ವಿದ್ಯಾರ್ಥಿಗಳಾದ ನಾವು ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯುತ್ತೇವೆ. ಈ ಬಗೆಯ ಕಾಯುವಿಕೆಯಲ್ಲಿ ಆತಂಕವಿರಬಹುದು, ಆದರೆ ಧರ್ಮಸಂಕಟವಿಲ್ಲ. ನಾವು ಬಯಸಿದ್ದು ನಮಗೆ ದೊರೆತರೆ, ಅದಕ್ಕಾಗಿ ಬೇರೊಂದು ಮನೆಯಲ್ಲಿ ಅಳು ಕೇಳಬೇಕಾಗಿಲ್ಲ. ಮೂತ್ರಪಿಂಡವೋ ಯಕೃತ್ತೋ ಹೃದಯವೋ ಕೆಟ್ಟು, ಮೃತದಾನಿಯೊಬ್ಬನ ಅಂಗಕ್ಕಾಗಿ ಕಾದಿರುವ ರೋಗಿಯ ಸ್ಥಿತಿ ಹಾಗಲ್ಲ. ಅವನಿಗೆ ಬದುಕಿನ ವಾರ್ತೆ ಬರುವುದು ಸಾವಿನ ಮನೆಯಿಂದ. ಹೀಗಿರುವಾಗ ಅವನು ದೇವರಲ್ಲಿ ಏನೆಂದು ಬೇಡಬೇಕು? ತನ್ನ ಬದುಕನ್ನು ಬೇಡಿದರೆ ಮತ್ತೊಬ್ಬನ ಮರಣವನ್ನು ಬೇಡಿದಂತಾಗುವುದಿಲ್ಲವೇ? ಈ ಪ್ರಶ್ನೆಯನ್ನು ಎದುರಿಸದೆ ಅಂತಹವರ ಶ್ರದ್ಧೆಯನ್ನೂ ಕೃತಜ್ಞತೆಯನ್ನೂ ಹೊಗಳುವುದು ಬರಿಯ ಬಾಯುಪಚಾರವಾದೀತು.

ಈ ಧರ್ಮಸಂಕಟವು ಮಾನವಕುಲಕ್ಕೆ ಇತ್ತೀಚೆಗೆ ಒದಗಿದುದು. 1954ನೆಯ ಇಸವಿಯ ಡಿಸೆಂಬರ್ 23ರಂದು ಅಮೆರಿಕದ ಬೋಸ್ಟನ್ ನಗರದಲ್ಲಿ ಡಾಕ್ಟರ್ ಜೋಸೆಫ್ ಮರ್ರೆಯವರು ರೊನಾಲ್ಡ್ ಹೆರಿಕ್ ಎಂಬಾತನ ಒಂದು ಮೂತ್ರಪಿಂಡವನ್ನು ಅವನ ಅವಳಿ ಸೋದರ ರಿಚರ್ಡನಿಗೆ ಜೋಡಿಸಿದರು. ರಿಚರ್ಡನು ಇನ್ನೂ 8 ವರ್ಷ ಬದುಕಿದನು. ಅಲ್ಲಿ ಕೊಟ್ಟವನೂ ಪಡೆದವನೂ ಒಡಹುಟ್ಟಿದವರು; ಕೊಟ್ಟವನು ಜೀವಂತನಾಗಿಯೇ ಇದ್ದನು. ಆದರೆ 1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಡಾಕ್ಟರ್ ಕ್ರಿಶ್ಚಿಯನ್ ಬರ್ನಾರ್ಡರು ಮೊತ್ತಮೊದಲಿಗೆ ಒಬ್ಬ ಮನುಷ್ಯನ ಹೃದಯವನ್ನು ಇನ್ನೊಬ್ಬನಿಗೆ ಜೋಡಿಸಿದಾಗ ಸಂಗತಿ ಬೇರೆಯಾಯಿತು. ಒಂದೇ ಅಪಘಾತದಲ್ಲಿ ಹೆಂಡತಿಯನ್ನೂ ಮಗಳು ಡೆನಿಸಳನ್ನೂ ಕಳೆದುಕೊಂಡ ಎಡ್ವರ್ಡ್ ಡಾರ್ವಲ್ ಎಂಬ ತಂದೆಯನ್ನು ವೈದ್ಯರು ಆ ದುಃಖದ ನಡುವೆಯೇ ಕೇಳಬೇಕಾಯಿತು. ಆತನು ಒಪ್ಪಿದನು. ಹೃದಯವನ್ನು ಪಡೆದ ಲೂಯಿ ವಾಷ್ಕಾನ್ಸ್ಕಿ ಬದುಕಿದುದು 18 ದಿನ ಮಾತ್ರ. ಅದೇ ಡೆನಿಸಳ ಮೂತ್ರಪಿಂಡವು ಬಿಳಿಯನಲ್ಲದ 10 ವರ್ಷದ ಬಾಲಕನೊಬ್ಬನಿಗೆ ಹೋಯಿತು. ವರ್ಣಭೇದವೇ ಕಾನೂನಾಗಿದ್ದ ಅಂದಿನ ಆ ದೇಶದಲ್ಲಿ ಇದು ಸಾಮಾನ್ಯ ಸಂಗತಿಯಾಗಿರಲಿಲ್ಲ.

ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮೂತ್ರಪಿಂಡದ ಕಸಿ ಯಶಸ್ವಿಯಾಯಿತು. 1994ರ ಆಗಸ್ಟ್ 3ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯಲ್ಲಿ ಡಾಕ್ಟರ್ ವೇಣುಗೋಪಾಲರು ಹೃದಯದ ಕಸಿಯನ್ನು ನೆರವೇರಿಸಿದರು. ಅಂಗಗಳ ಮಾರಾಟವನ್ನು ನಿಷೇಧಿಸಿ, ಮಿದುಳಿನ ಮರಣವನ್ನು ಮರಣವೆಂದು ಅಂಗೀಕರಿಸಿದ ಶಾಸನವೂ ಅದೇ ವರ್ಷ ಬಂದಿತು. 2023ರಲ್ಲಿ ದೇಶದಾದ್ಯಂತ ನಡೆದ ಅಂಗಕಸಿಗಳು 18,378. ಆದರೆ ಆ ವರ್ಷದ ಮೃತದಾನಿಗಳು 1,099 ಮಂದಿ ಮಾತ್ರ. ಕರ್ನಾಟಕದಲ್ಲಿ 178 ಮಂದಿ. ಉಳಿದ ಕಸಿಗಳೆಲ್ಲ ಜೀವಂತರಾಗಿರುವವರ ದಾನದಿಂದ ನಡೆದವು. ಹಾಗೆ ಕೊಡುವವರಲ್ಲಿ ಬಹುಪಾಲು ಸ್ತ್ರೀಯರು, ಪಡೆಯುವವರಲ್ಲಿ ಬಹುಪಾಲು ಪುರುಷರು ಎಂಬುದನ್ನು ನಾವು ತಲೆತಗ್ಗಿಸಿಕೊಂಡೇ ಓದಬೇಕಾಗಿದೆ. ಕೊಡಬಲ್ಲ ಬಂಧುಗಳಿಲ್ಲದವನಿಗೆ ಉಳಿಯುವುದು ಸರದಿಯ ಪಟ್ಟಿಯೊಂದೇ.

ಅಂತಹ ಪಟ್ಟಿಯಲ್ಲಿ ಹೆಸರಿರುವ ಪ್ರಾಥಮಿಕ ಶಾಲೆಯ ಮೇಷ್ಟರೊಬ್ಬರು ನಮ್ಮ ಊರಿನಲ್ಲಿದ್ದಾರೆ. ಅವರ ಪತ್ನಿಗೆ ಸಕ್ಕರೆ ಕಾಯಿಲೆ. ತಮ್ಮನ ರಕ್ತದ ಗುಂಪು ಹೊಂದಲಿಲ್ಲ. ಮಗ ಇನ್ನೂ ಚಿಕ್ಕವನು. ವಾರಕ್ಕೆ ಎರಡು ಸಲ ಜಿಲ್ಲಾ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಿ, ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಾರೆ. ಕುಡಿಯುವ ನೀರಿಗೂ ಅಳತೆ. ಪತ್ನಿಯು ಬೆಳಗ್ಗೆಯೇ ಚೊಂಬಿನಲ್ಲಿ ಅಳೆದಿಟ್ಟ ನೀರು ರಾತ್ರಿಯವರೆಗೆ ಬರಬೇಕು. ಇತರ ರೋಗಿಗಳಿಗೆ ನಾವು ಪ್ರೀತಿಯಿಂದ ಒಯ್ಯುವ ಎಳನೀರೂ ಬಾಳೆಯಹಣ್ಣೂ ಅವರಿಗೆ ನಿಷಿದ್ಧ. ಅವರು ಒಮ್ಮೆ ನನ್ನೊಡನೆ ಹೇಳಿದರು: "ಬಸ್ ಸ್ಟ್ಯಾಂಡಿನಲ್ಲಿ ಜನರನ್ನು ನೋಡುವಾಗ, ಇವರಲ್ಲಿ ಯಾರೋ ಒಬ್ಬರು ಎಂಬ ಯೋಚನೆ ಮೊದಮೊದಲು ತಾನಾಗಿಯೇ ಬರುತ್ತಿತ್ತಪ್ಪ. ನನಗೆ ನಾನೇ ಹೇಸಿದೆ. ಈಗ ಅದೇ ಜನರನ್ನು ನೋಡಿ, ಇವರೆಲ್ಲ ಸುಖವಾಗಿ ಮನೆ ಸೇರಲಿ ಎಂದುಕೊಳ್ಳುತ್ತೇನೆ. ಹಾಗೆಂದುಕೊಂಡ ಮೇಲೆಯೇ ನನಗೆ ಪೂಜೆಗೆ ಕೂರುವ ಧೈರ್ಯ ಬಂದದ್ದು."

ಮೇಲಿನ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕಂಡಿಲ್ಲ. ಮರಣವು ನಮ್ಮ ಬೇಡಿಕೆಯಿಂದ ಬರುವುದೂ ಇಲ್ಲ, ನಿಲ್ಲುವುದೂ ಇಲ್ಲ. ಮೇಷ್ಟರು ಯಾರ ಸಾವನ್ನೂ ಬೇಡುತ್ತಿಲ್ಲ. ತಡೆಯಲಾಗದ ಸಾವು ಬಂದೊದಗಿದ ಮನೆಯಲ್ಲಿ ಯಾರಾದರೊಬ್ಬರಿಗೆ, ನಮ್ಮವನು ಹೋದರೂ ಇನ್ನೊಬ್ಬನಾದರೂ ಉಳಿಯಲಿ ಎಂಬ ಬುದ್ಧಿ ಬರಲಿ ಎಂಬುದೇ ಅವರ ಪ್ರಾರ್ಥನೆ. ಆದುದರಿಂದ ಅವರ ಶ್ರದ್ಧೆಯು ದೇವರಲ್ಲಿ ಎಷ್ಟಿದೆಯೋ ಅಷ್ಟೇ ಅಪರಿಚಿತ ಮನುಷ್ಯರಲ್ಲಿಯೂ ಇದೆ. ಶಬರಿಯು ಕಾದಳು; ಆದರೆ ಬರುವವನು ಯಾರೆಂದು ಅವಳಿಗೆ ತಿಳಿದಿದ್ದಿತು. ಈ ರೋಗಿಗಳಿಗೆ ಬರುವವನ ಹೆಸರು ತಿಳಿಯದು, ಬಂದ ಮೇಲೂ ತಿಳಿಯದು. ಮೃತದಾನಿಯ ಗುರುತನ್ನು ಪಡೆದವನಿಗೆ ತಿಳಿಸುವ ಪದ್ಧತಿಯಿಲ್ಲ. ಯಾರ ಮನೆಯ ಬಾಗಿಲಿಗೆ ಹೋಗಿ ಕೈಮುಗಿಯಬೇಕೆಂದು ತಿಳಿಯದವನು ಎಲ್ಲ ಬಾಗಿಲುಗಳಿಗೂ ಕೈಮುಗಿಯಬೇಕಾಗುತ್ತದೆ. ಪಡೆಯುವ ಮುನ್ನವೇ ಅವರಲ್ಲಿ ಕೃತಜ್ಞತೆ ಹುಟ್ಟುವುದು ಹೀಗೆ. ನೀರಳೆಯುವ ಪತ್ನಿ, ನೋವಾಗದಂತೆ ಸೂಜಿ ಚುಚ್ಚುವ ದಾದಿ, ಬಸ್ಸಿನಲ್ಲಿ ಜಾಗ ಬಿಟ್ಟುಕೊಡುವ ಹುಡುಗ ಇವರೆಲ್ಲರೂ ಆ ಅಜ್ಞಾತ ದಾನಿಯ ಬಳಗದವರಾಗಿಯೇ ಅವರಿಗೆ ಕಾಣುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. "ದೇವರಿದ್ದಾನೆ, ಧೈರ್ಯವಾಗಿರಿ, ಇದ್ದುದಕ್ಕೆ ಸಂತೋಷಪಡಿ" ಎಂದು ರೋಗಿಗಳಿಗೆ ಉಪದೇಶಿಸುವುದು ನಮ್ಮಲ್ಲಿ ಸುಲಭವಾಗಿಬಿಟ್ಟಿದೆ. ಕೃತಜ್ಞತೆಯು ರೋಗಿಯ ಮನಸ್ಸಿನಲ್ಲಿ ತಾನಾಗಿ ಹುಟ್ಟಿದರೆ ಅದು ಅವನ ಸಂಪತ್ತು. ಆರೋಗ್ಯವಂತರು ಅದನ್ನು ಅವನಿಂದ ವಸೂಲು ಮಾಡಬಾರದು. ಮೇಷ್ಟರನ್ನೇ ಒಮ್ಮೆ ರಾತ್ರೋರಾತ್ರಿ ಬೆಂಗಳೂರಿಗೆ ಕರೆಸಿದ್ದರು. ಒಂದು ಅಂಗಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಕರೆಸಿ, ರಕ್ತವನ್ನು ಹೊಂದಿಸಿ ನೋಡುವುದುಂಟು. ಅದು ಬೇರೊಬ್ಬರಿಗೆ ಹೊಂದಿತು; ಇವರು ಹಿಂದಿರುಗಿದರು. ಒಂದು ವಾರ ಯಾರೊಡನೆಯೂ ಮಾತನಾಡಲಿಲ್ಲ. ಆಮೇಲೆ, "ಅವರಿಗೂ ಮಕ್ಕಳಿರಬಹುದು" ಎಂದರು. ಆ ಒಂದು ವಾರದ ಮೌನವೂ ಅವರ ಶ್ರದ್ಧೆಗೆ ಸೇರಿದ್ದೆಂದೇ ನನ್ನ ಅಭಿಪ್ರಾಯ.

ಶ್ರದ್ಧೆಯೆಂಬುದು ಕೈಕಟ್ಟಿ ಕುಳಿತವನ ಹಣೆಬರಹದ ಮಾತು, ವಿಜ್ಞಾನದ ಯುಗದಲ್ಲಿ ಅದಕ್ಕೇನು ಕೆಲಸ, ಎಂದು ನಮ್ಮ ಸಹಪಾಠಿಗಳಲ್ಲಿ ಕೆಲವರು ವಾದಿಸಬಹುದು. ಅವರ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಹರಕೆ ಹೊತ್ತು ಔಷಧವನ್ನು ಬಿಟ್ಟವರೂ ಇದ್ದಾರೆ. ಆದರೆ ನಾನು ಹೇಳುವ ಶ್ರದ್ಧೆಯು ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಿಸುತ್ತದೆ, ನೀರಿನ ಅಳತೆಯನ್ನು ಮೀರಗೊಡುವುದಿಲ್ಲ. ಇದಲ್ಲದೆ, ಶಸ್ತ್ರವೈದ್ಯನ ಕೈಚಳಕ ಎಷ್ಟೇ ಇರಲಿ, ತೀವ್ರನಿಗಾ ಘಟಕದ ಹೊರಗೆ ನಿಂತ ಒಬ್ಬ ತಾಯಿ "ಆಗಲಿ" ಎನ್ನದಿದ್ದರೆ ಅವನ ಕತ್ತರಿಗೆ ಕೆಲಸವಿಲ್ಲ. ಆ "ಆಗಲಿ" ಎಂಬ ಮಾತನ್ನು ಯಾವ ಪ್ರಯೋಗಶಾಲೆಯೂ ತಯಾರಿಸಲಾರದು.

ಆ ಮಾತನ್ನು ಆಡಿದವರು ನಮ್ಮ ನಾಡಿನಲ್ಲಿಯೂ ಇದ್ದಾರೆ. 'ನಾನು ಅವನಲ್ಲ ಅವಳು' ಚಿತ್ರದ ಅಭಿನಯಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ಸಂಚಾರಿ ವಿಜಯ್ ಅವರು 2021ರ ಜೂನ್ ತಿಂಗಳಲ್ಲಿ ಬೈಕ್ ಅಪಘಾತಕ್ಕೆ ಸಿಲುಕಿ, ಅವರ ಮಿದುಳು ನಿಷ್ಕ್ರಿಯವಾದಾಗ ಕುಟುಂಬದವರು ಅಂಗದಾನಕ್ಕೆ ಒಪ್ಪಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ತೀರಿಕೊಂಡ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತು. ನಾವು ಅವರ ಚಿತ್ರಗಳಿಗೆ ಚಪ್ಪಾಳೆ ತಟ್ಟಿದವರು. ಅವರ ಮನೆಯವರು ಮಾಡಿದ ಕೆಲಸವನ್ನು ನಮ್ಮ ಮನೆಗಳಲ್ಲಿ ಮಾತಿಗಾದರೂ ತಂದಿದ್ದೇವೆಯೇ?

ದೇಹವನ್ನು ಊನಮಾಡಿ ಕಳುಹಿಸಿದರೆ ಸದ್ಗತಿಯಿಲ್ಲವೆಂಬ ಭಯ ಇಂದಿಗೂ ಅನೇಕರಲ್ಲಿದೆ. ಬೂದಿಯಾಗುವ, ಮಣ್ಣಾಗುವ ದೇಹಕ್ಕೆ ಊನವೆಲ್ಲಿಯದು? ಲೋಕಹಿತಕ್ಕಾಗಿ ಬೆನ್ನೆಲುಬನ್ನೇ ಕೊಟ್ಟ ದಧೀಚಿಗೆ ಸದ್ಗತಿ ತಪ್ಪಿತೆಂದು ನಮ್ಮ ಯಾವ ಅಜ್ಜಿಯೂ ಕಥೆ ಹೇಳಲಿಲ್ಲ. ಇನ್ನೂ ಜೀವವಿರುವಾಗಲೇ ಅಂಗ ತೆಗೆದಾರೆಂಬ ಶಂಕೆಗೂ ಕಾನೂನಿನಲ್ಲಿ ಉತ್ತರವಿದೆ: ನಾಲ್ವರು ವೈದ್ಯರ ಮಂಡಳಿಯು ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿದ ಮೇಲೆಯೇ ಮಿದುಳಿನ ಮರಣವನ್ನು ಘೋಷಿಸತಕ್ಕದ್ದು.

ಸಹಪಾಠಿಗಳೇ, 18 ವರ್ಷ ತುಂಬಿದ ಯಾರು ಬೇಕಾದರೂ ಅಂಗದಾನದ ಪ್ರತಿಜ್ಞೆಯನ್ನು ಮಾಡಬಹುದು. ನಮ್ಮ ರಾಜ್ಯದಲ್ಲಿ ಇದಕ್ಕೆಂದೇ 'ಜೀವಸಾರ್ಥಕತೆ' ಎಂಬ ಸಂಸ್ಥೆಯಿದೆ. ಆದರೆ ಪ್ರತಿಜ್ಞಾಪತ್ರವು ಪೆಟ್ಟಿಗೆಯಲ್ಲಿದ್ದರೆ ಸಾಲದು. ಕೊನೆಯ ಗಳಿಗೆಯಲ್ಲಿ ವೈದ್ಯರು ಕೇಳುವುದು ಮನೆಯವರನ್ನು. ಆದುದರಿಂದ ಈ ರಜೆಯಲ್ಲಿ ಊರಿಗೆ ಹೋದಾಗ, ರಾತ್ರಿ ಎಲ್ಲರೂ ಊಟಕ್ಕೆ ಕುಳಿತಿರುವ ಹೊತ್ತಿನಲ್ಲಿ, ಒಂದು ಸಲ ಈ ಮಾತನ್ನು ಎತ್ತಿರಿ. ಅಮ್ಮ "ಅಪಶಕುನದ ಮಾತಾಡಬೇಡ" ಎಂದು ಗದರಿಸಿಯಾರು. ಗದರಿಸಲಿ, ಮಾತು ನೆನಪಿನಲ್ಲಿ ಉಳಿಯುತ್ತದೆ. ಕಾಯುವವರು ನಮ್ಮ ಮುಖವನ್ನೂ ಕಾಣದೆ ನಮ್ಮಲ್ಲಿ ನಂಬಿಕೆಯಿಟ್ಟಿದ್ದಾರೆ. ಆ ನಂಬಿಕೆ ಹುಸಿಯಾಗದಂತೆ ನೋಡಿಕೊಳ್ಳುವುದು ಕಾಯಬೇಕಾಗಿಲ್ಲದ ನಮ್ಮೆಲ್ಲರ ಕರ್ತವ್ಯ.