ಗುಂಗುರೆಲ್ಲ ಸಿಕ್ಕಲ್ಲ

ಮೈಸೂರಿನಲ್ಲಿ ಫಾಲ್-ಪಿಕೊ ಅಂಗಡಿ ಇಟ್ಟುಕೊಂಡವರಿಗೆ ದಸರೆಯ ಹಿಂದಿನ ತಿಂಗಳು ತಲೆ ಎತ್ತಲು ಬಿಡುವಿರುವುದಿಲ್ಲ. ಹಬ್ಬದ ಸೀರೆಗಳ ರಾಶಿ ಒಂದು ಕಡೆ, ಗೊಂಬೆಗಳ ಸಾಲು ಇನ್ನೊಂದು ಕಡೆ. ಪಟ್ಟದ ಗೊಂಬೆಗೆ ಹೊಸ ಸೀರೆ, ರಾಜನಿಗೆ ಜರಿ ಪೇಟ, ಅಂಗಡಿ ಶೆಟ್ಟರಿಗೆ ಪಂಚೆ, ಇವೆಲ್ಲ ನಮ್ಮತ್ತೆ ಮಿಷನ್ ತುಳಿಯುತ್ತಿದ್ದ ಕಾಲದಿಂದ ಬಂದ ಕೆಲಸ. ಈಚೆಗೆ ಅದಕ್ಕೆ ಬಾರ್ಬಿ ಸೇರಿಕೊಂಡಿದ್ದಾಳೆ. 90ರ ದಶಕದಲ್ಲಿ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಹುಡುಗಿಯರು ಈಗ ಮಕ್ಕಳ ತಾಯಂದಿರು. ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸುವಾಗ ಹಳೇ ಪಂಚೆಯಲ್ಲಿ ಸುತ್ತಿಟ್ಟ ಅವರ ಬಾರ್ಬಿಯೂ ಇಳಿಯುತ್ತಾಳೆ. ಕೆಳಗಿನ ಮೆಟ್ಟಿಲ ಪಾರ್ಕಿನಲ್ಲೋ ಮದುವೆ ಮನೆಯಲ್ಲೋ ಅವಳಿಗೂ ಒಂದು ಜಾಗ ಉಂಟು. ತಲೆ ಮಾತ್ರ ನೋಡುವ ಹಾಗಿರುವುದಿಲ್ಲ. ಜಟೆ ಕಟ್ಟಿರುತ್ತದೆ, ತುದಿಯೆಲ್ಲ ಕೆದರಿ ಉಬ್ಬಿರುತ್ತದೆ. "ಅಕ್ಕಾ, ಇದರ ಕೂದಲೊಂದು ನೆಟ್ಟಗೆ ಮಾಡಿಕೊಟ್ಟುಬಿಡಿ."

ಮಾಡಿಕೊಡುತ್ತೇನೆ. ಆದರೆ ಎಲ್ಲ ತಲೆಯನ್ನೂ ನೆಟ್ಟಗೆ ಮಾಡುವುದಿಲ್ಲ. ಕಾರಣ ಹೇಳಲು ಹೋದರೆ ಗಿರಾಕಿಗೆ ಪುರಸೊತ್ತಿಲ್ಲ, ಹಿಂದೆ ನಿಂತವರಿಗೆ ಬ್ಲೌಸಿನ ಚಿಂತೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬಾರ್ಬಿಯ ತಲೆಯೂ ಒಂದು ಹೊಲಿಗೆ ಕೆಲಸವೇ. ಮೆತ್ತನೆಯ ವಿನೈಲ್ ತಲೆಗೆ ಸೂಜಿಯಿಂದ ಕೂದಲಿನ ಕುಚ್ಚುಗಳನ್ನು ಸಾಲಾಗಿ ಚುಚ್ಚಿ ನೆಟ್ಟಿರುತ್ತಾರೆ. ಬೈತಲೆಯ ಹತ್ತಿರ ಒತ್ತಾಗಿ, ಕಣ್ಣಿಗೆ ಬೀಳದ ಕಡೆ ವಿರಳವಾಗಿ. ಜುಟ್ಟು ಕಟ್ಟಿ ಮಾರಿದ ಎಷ್ಟೋ ಗೊಂಬೆಗಳಿಗೆ ತಲೆಯ ಅಂಚಿನಲ್ಲಿ ಮತ್ತು ಜುಟ್ಟಿನ ಬುಡದಲ್ಲಿ ಮಾತ್ರ ಕೂದಲು. 1959ರ ಮಾರ್ಚ್ 9ರಂದು ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ರೂತ್ ಹ್ಯಾಂಡ್ಲರ್ ಜನರ ಮುಂದಿಟ್ಟ ಹನ್ನೊಂದೂವರೆ ಅಂಗುಲದ ಮೊದಲ ಬಾರ್ಬಿಯೂ ಜುಟ್ಟಿನವಳೇ. ಅಂಥ ಜುಟ್ಟು ಬಿಚ್ಚಿ ಎರಡು ಜಡೆ ಹಾಕಿಕೊಡಿ ಅನ್ನುವವರಿಗೆ ನಾನು ಕೂದಲು ಸರಿಸಿ ನಡುನೆತ್ತಿಯ ಬೋಳು ತೋರಿಸುತ್ತೇನೆ. ಮಾತು ಅಲ್ಲಿಗೇ ಮುಗಿಯುತ್ತದೆ.

ಇನ್ನು ಎಳೆ. ಗೊಂಬೆಗೆ ಹಾಕುವ ಕೂದಲು ನಾಲ್ಕೈದು ಬಗೆಯದು. ನೈಲಾನ್, ನಮ್ಮ ಫ್ಯಾನ್ಸಿ ಸ್ಟೋರಿನ ಚೌರಿಗಳಲ್ಲೂ ಸಿಗುವಂಥದ್ದು, ನುಣುಪು, ಹೊಳಪು. ಸರಾನ್, ಅಮೆರಿಕದ ಡೌ ಕಂಪನಿಯ ಪ್ರಯೋಗಾಲಯದಲ್ಲಿ 1933ರಲ್ಲಿ ಅಕಸ್ಮಾತ್ತಾಗಿ ಸಿಕ್ಕಿ, ಆಮೇಲೆ ಊಟ-ತಿಂಡಿ ಸುತ್ತಿಡುವ ಹಾಳೆಯಾಗಿ ಹೆಸರು ಮಾಡಿದ ಪ್ಲಾಸ್ಟಿಕ್. ಜಪಾನಿನ ಕೆನೆಕಲಾನ್, ವಿಗ್ಗುಗಳಿಗೂ ಅದೇ ಬಳಕೆ. ಕೊನೆಯದು ಪಾಲಿಪ್ರೊಪಿಲೀನ್. ಅಗ್ಗ, ಬಹಳ ಬೇಗ ಗಂಟಾಗುತ್ತದೆ, ಕೈಗೆ ಒಣಕಲು ಅನ್ನಿಸುತ್ತದೆ. ಯಾವುದು ಯಾವುದೆಂದು ತಿಳಿಯದೆ ಬಿಸಿ ಮುಟ್ಟಿಸಬಾರದು. ದರ್ಜಿಗಳಾದ ನಮಗೆ ನೂಲು ಸುಟ್ಟು ವಾಸನೆ ನೋಡುವ ಅಭ್ಯಾಸ. ಗೊಂಬೆಯ ಕೂದಲಿಗೆ ಅದು ಬೇಡ. ಸರಾನ್‌ನಲ್ಲಿ ಕ್ಲೋರಿನ್ ಇದೆ, ಹೊಗೆ ಕೆಟ್ಟದ್ದು. ನನ್ನ ಹತ್ತಿರ ಬ್ಲೌಸ್ ಹೊಲಿಸುವ ಕೆಮಿಸ್ಟ್ರಿ ಲೆಕ್ಚರರ್ ಒಬ್ಬರು ಬೇರೆ ಉಪಾಯ ಹೇಳಿಕೊಟ್ಟರು. ಹಿಂದಲೆಯ ಒಳಗಿನಿಂದ ಒಂದು ಎಳೆ ಕತ್ತರಿಸಿ, ಸೋಪಿನ ಹನಿ ಬೆರೆಸಿದ ನೀರಿನ ಲೋಟದಲ್ಲಿ ಮುಳುಗಿಸಿ ಬಿಡಿ. ಮೇಲೆ ಬಂದು ತೇಲಿದರೆ ಪಾಲಿಪ್ರೊಪಿಲೀನ್; ಅದು ನೀರಿಗಿಂತ ಹಗುರ. ನೈಲಾನ್, ಸರಾನ್, ಕೆನೆಕಲಾನ್ ಮೂರೂ ತಳ ಸೇರುತ್ತವೆ. ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಮನುಷ್ಯರ ಕೂದಲಿನ ಹಾಗೆ ಗೊಂಬೆಯ ಕೂದಲು ಬುಡದಿಂದ ಎಣ್ಣೆ ಕುಡಿಯುವುದಿಲ್ಲ, ಕಂಡೀಷನರಿನಿಂದ ಪೋಷಣೆ ಪಡೆಯುವುದಿಲ್ಲ. ಅಜ್ಜಿಯಂದಿರು ತಟ್ಟಿದ ಕೊಬ್ಬರಿ ಎಣ್ಣೆ ಮೂವತ್ತು ವರ್ಷದ ಧೂಳನ್ನು ಹಿಡಿದಿಟ್ಟುಕೊಂಡು ಅಂಟಾಗಿ ಕೂತಿರುತ್ತದೆ, ಅಷ್ಟೇ. ಕೆದರುವುದಕ್ಕೆ ಕಾರಣ ಬೇರೆ. ಮಕ್ಕಳು ಒಣಗೂದಲನ್ನು ಮೇಲಿನಿಂದ ಕೆಳಕ್ಕೆ ಜಗ್ಗಿ ಬಾಚುತ್ತಾರೆ. ಎಳೆ ಹಿಗ್ಗಿ, ಅಲ್ಲಲ್ಲಿ ಮಡಿಕೆ ಬೀಳುತ್ತದೆ. ಒಂದರ ಮಡಿಕೆಗೆ ಇನ್ನೊಂದು ಸಿಕ್ಕಿಕೊಳ್ಳುತ್ತದೆ. ಬಿಸಿ ತಾಗಿದರೆ ಈ ಪ್ಲಾಸ್ಟಿಕ್ಕಿನ ಬಿಗಿ ಸಡಿಲುತ್ತದೆ. ಆಗ ಇದ್ದ ಆಕಾರವೇ ತಣಿದ ಮೇಲೆ ಉಳಿಯುತ್ತದೆ. ಪಾಲಿಯೆಸ್ಟರ್ ಸೀರೆಯ ನೆರಿಗೆಯನ್ನು ಇಸ್ತ್ರಿಯಲ್ಲಿ ಕೂರಿಸುವುದೂ ಇದೇ ಲೆಕ್ಕ.

ನನ್ನ ಕ್ರಮ ಇಷ್ಟು. ಹಳೆಯ ಗೊಂಬೆಯ ಕಿವಿಯಲ್ಲಿ ಲೋಹದ ಓಲೆ ಇದ್ದರೆ ಮೊದಲು ತೆಗೆಯುವುದು. ಅದರ ತಾಮ್ರ ವಿನೈಲಿಗೆ ಇಳಿದು ಕಿವಿ ಹಸಿರಾಗುತ್ತದೆ, ನೀರು ಕುಡಿದರೆ ಇನ್ನೂ ಹೆಚ್ಚು. ಮುಖದ ಬಣ್ಣಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಎಣ್ಣೆ ಬಿಡುವ ತನಕ ತೊಳೆಯುವುದು. ಒದ್ದೆ ಇರುವಾಗಲೇ ಬೆರಳಗಲದ ಕುಚ್ಚು ಹಿಡಿದು, ಬುಡವನ್ನು ಎಡಗೈಯಲ್ಲಿ ಒತ್ತಿಕೊಂಡು, ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸುವುದು. ಬಾಚಣಿಗೆ ಲೋಹದ್ದೇ ಬೇಕು. ಹೇನು ತೆಗೆಯುವ ಸೀರಣಿಗೆ ಕೊನೆಯ ಸುತ್ತಿಗೆ ಚೆನ್ನ, ಮೊದಲಿಗೇ ಹಾಕಿದರೆ ಕುಚ್ಚಿನ ಸಮೇತ ಕಿತ್ತು ಬರುತ್ತದೆ. ಸಿಕ್ಕು ಪೂರ್ತಿ ಬಿಟ್ಟ ಮೇಲೆ, ಒಲೆಯಿಂದ ಇಳಿಸಿ ಕುದಿ ನಿಂತ ನೀರಿನಲ್ಲಿ ಕೂದಲನ್ನಷ್ಟೇ ಅದ್ದಿ, ತೆಗೆದು, ಬಾಚಿ, ತಣ್ಣೀರು ಹಾಯಿಸುವುದು. ತಲೆ ಮುಳುಗಬಾರದು. ವಿನೈಲ್ ಮೆತ್ತಗಾಗಿ ಕೆನ್ನೆ ನೆಗ್ಗುತ್ತದೆ. ಆಮೇಲೆ ತಲೆಯೊಳಗೆ ಇಳಿದ ನೀರು ಬಸಿಯಲು ರಾತ್ರಿಯಿಡೀ ಬಿಡಬೇಕು. ಇದನ್ನು ಬಿಟ್ಟವರ ಗೊಂಬೆಯಿಂದ ಮಳೆಗಾಲದ ಚಾಪೆಯ ವಾಸನೆ ಬರುತ್ತದೆ.

ಹೆಣ್ಣುಮಕ್ಕಳು ತಮ್ಮ ಕೂದಲಿಗೆ ಒತ್ತಿಕೊಳ್ಳುವ ಸ್ಟ್ರೈಟ್ನರ್ ಇದಕ್ಕೆ ಬೇಡವೇ ಬೇಡ. ಅದು 180 ಡಿಗ್ರಿ ದಾಟುತ್ತದೆ. ಪಾಲಿಪ್ರೊಪಿಲೀನ್ 165ರ ಆಸುಪಾಸಿನಲ್ಲೇ ಕರಗಿ ಕಡ್ಡಿಗೆ ಮೆತ್ತಿಕೊಳ್ಳುತ್ತದೆ. ಬಟ್ಟೆ ಮೆದು ಮಾಡುವ ದ್ರಾವಣವನ್ನು ಸುರಿಯುವವರೂ ಇದ್ದಾರೆ. ಬಾಚುವಾಗ ಜಾರಲು ಒಂದು ಹನಿ ಸಾಕು, ಬಾಚಿದ ಮೇಲೆ ಅದನ್ನೂ ತೊಳೆಯಬೇಕು. ಹಾಗೇ ಬಿಟ್ಟರೆ ಎರಡು ದಿನ ಮಿಂಚುತ್ತದೆ, ಆಮೇಲೆ ಅದೂ ಧೂಳು ಹಿಡಿಯುತ್ತದೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಬಿಸಿನೀರು ಕೆದರಿದ ಎಳೆಯನ್ನು ಸರಿಮಾಡುವಷ್ಟೇ ಸಲೀಸಾಗಿ, ಕಾರ್ಖಾನೆಯಲ್ಲೇ ಬೇಕೆಂದು ಕೂರಿಸಿದ ಸುರುಳಿಯನ್ನೂ ಅಳಿಸುತ್ತದೆ. ಎರಡರ ನಡುವಿನ ವ್ಯತ್ಯಾಸ ನೀರಿಗೆ ಗೊತ್ತಿಲ್ಲ, ಅದ್ದುವ ಕೈಗೆ ಗೊತ್ತಿರಬೇಕು. 1992ರಲ್ಲಿ ಟೋಟಲಿ ಹೇರ್ ಬಾರ್ಬಿ ಎಂಬುದೊಂದು ಬಂತು. ಕಾಲಿನ ತನಕ ಕೂದಲು, ಅದೂ ಉದ್ದಕ್ಕೂ ಸಣ್ಣ ಸಣ್ಣ ಅಲೆ ಹಾಕಿದ್ದು. ಲೋಕದಲ್ಲೆಲ್ಲ ಒಂದು ಕೋಟಿಗೂ ಮೇಲೆ ಮಾರಾಟವಾಗಿ, ಬಾರ್ಬಿಗಳಲ್ಲೇ ಅತಿ ಹೆಚ್ಚು ಮಾರಾಟವಾದವಳು ಎನಿಸಿಕೊಂಡಳು. ಅಮೆರಿಕದಲ್ಲಿದ್ದ ಸೋದರಮಾವ ತಂದುಕೊಟ್ಟದ್ದೆಂದು ಒಬ್ಬರು ಅದನ್ನೇ ತಂದರು. ಮನೆಯಲ್ಲಿ ಯಾರೋ ಫೋನಿನಲ್ಲಿ ನೋಡಿಕೊಂಡು ಕುದಿಯುವ ನೀರಿಗೆ ಅದ್ದಿಯಾಗಿತ್ತು. ಕೂದಲು ನೇರವಾಗಿ, ತೆಳ್ಳಗೆ ಬೆನ್ನಿಗಂಟಿ ನಿಂತಿತ್ತು. "ಪೂರ್ತಿ ಸರಿಹೋಗಿದೆ, ತುದಿ ಒಂದಿಷ್ಟು ಸಮ ಮಾಡಿ" ಅಂದರು. ಆ ಗೊಂಬೆಗೆ ಹೆಸರು ತಂದ ಅಲೆಯೇ ಹೋಗಿತ್ತು. ಒದ್ದೆ ಇರುವಾಗ ಸಣ್ಣ ಸಣ್ಣ ಜಡೆ ಹೆಣೆದು ಮತ್ತೆ ಬಿಸಿ ಕೊಟ್ಟರೆ ಅಲೆಯ ಛಾಯೆ ಬರಿಸಬಹುದು, ಕಾರ್ಖಾನೆಯ ಅಲೆ ಬರುವುದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮ. 1980ರಲ್ಲಿ ಕಿಟ್ಟಿ ಬ್ಲ್ಯಾಕ್ ಪರ್ಕಿನ್ಸ್ ಅವರ ವಿನ್ಯಾಸದಲ್ಲಿ ಬಾರ್ಬಿ ಎಂಬ ಹೆಸರನ್ನೇ ಹೊತ್ತ ಮೊದಲ ಕಪ್ಪು ಗೊಂಬೆ ಬಂತು. ಅದರ ಕೂದಲು ಗಿಡ್ಡ, ತಲೆಯ ಸುತ್ತ ಗುಂಗುರಾಗಿ ನಿಲ್ಲುವಂಥದ್ದು. 2016ರಲ್ಲಿ ಮೈಕಟ್ಟು, ಚರ್ಮದ ಬಣ್ಣ, ಕೇಶವಿನ್ಯಾಸಗಳನ್ನೆಲ್ಲ ಹಲವು ಬಗೆ ಮಾಡಿದ ಮೇಲಂತೂ ಗುಂಗುರು ಗೊಂಬೆಗಳು ಧಾರಾಳ. ರಜೆಗೆ ನ್ಯೂಜೆರ್ಸಿಯಿಂದ ಬಂದ ಮೊಮ್ಮಗಳ ಅಂಥ ಗೊಂಬೆಯೊಂದನ್ನು ಅಜ್ಜಿ ನನ್ನಲ್ಲಿಗೆ ತಂದರು. ಕೂದಲು ಹೊಚ್ಚ ಹೊಸದು, ಒಂದು ಎಳೆ ಹಾಳಾಗಿರಲಿಲ್ಲ. "ನೋಡಮ್ಮಾ, ಮೆಟ್ಟಿಲ ಮೇಲೆ ಕೂರಿಸೋ ಗೊಂಬೆ ಲಕ್ಷಣವಾಗಿರಬೇಕು, ಎಣ್ಣೆ ಹಚ್ಚಿ ಬಾಚಿದ ಹಾಗೆ ಮಾಡಿಕೊಡು." ಅಜ್ಜಿಯ ಕೈ ಹಿಡಿದು ನಿಂತ ಹುಡುಗಿಯ ತಲೆಯೂ ಗುಂಗುರೇ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು.

ನಾನು ಮಾಡಿಕೊಡಲಿಲ್ಲ. ಹಿರಿಯರಿಗೆ ಎದುರಾಡಿದೆ ಅಂತ ಅವರಿಗೆ ಬೇಸರವೂ ಆಯಿತು. ಆದರೆ ಲಕ್ಷಣದ ಮಾತು ಬಂದಾಗ ನನಗೊಂದು ತಮಾಷೆ ಅನ್ನಿಸುತ್ತದೆ: ಮೇಲಿನ ಮೆಟ್ಟಿಲಲ್ಲಿ ಕೂತ ಪಟ್ಟದ ರಾಣಿಗೆ ಮರದಲ್ಲಿ ಕೆತ್ತಿದ್ದೇ ಕೂದಲು, ಬಾಚಿದ್ದೋ ಬಿಟ್ಟದ್ದೋ ಅಂತ ಯಾರೂ ಕೇಳುವುದಿಲ್ಲ. ನಮ್ಮ ಬೀದಿಯಲ್ಲೇ ಸ್ಮೂತ್ನಿಂಗ್, ಕೆರಾಟಿನ್ ಅನ್ನುವ ಬೋರ್ಡು ಹಾಕಿದ ಪಾರ್ಲರುಗಳಿವೆ. ಬೆಳೆದವರು ತಮ್ಮ ದುಡ್ಡಿನಲ್ಲಿ ಏನು ಬೇಕಾದರೂ ಮಾಡಿಸಿಕೊಳ್ಳಲಿ. ಮಗುವಿನ ಗೊಂಬೆಯ ಚೆನ್ನಾಗಿರುವ ಗುಂಗುರನ್ನು ರಿಪೇರಿ ಅನ್ನುವ ಹೆಸರಿನಲ್ಲಿ ತೆಗೆಸುವುದಕ್ಕೆ ನನ್ನ ಮಿಷನ್ ಪಕ್ಕದ ಬಿಸಿನೀರು ಸಿಗುವುದಿಲ್ಲ.

ಕತ್ತರಿ ಆಡಿಸಿದ ತಲೆಗಳ ವಿಷಯದಲ್ಲೂ ನಾನು ಹಟಮಾರಿ. ಆರು ವರ್ಷದ ಹುಡುಗಿ ಹಣೆಯ ಮೇಲೆ ಓರೆಯಾಗಿ ಕತ್ತರಿಸಿದ ಕೂದಲು ಮೂವತ್ತು ವರ್ಷದ ಮೇಲೂ ಬೆಳೆದಿರುವುದಿಲ್ಲ. ಹೊಸ ಕೂದಲು ನೆಟ್ಟುಕೊಡಿ ಅನ್ನುತ್ತಾರೆ. ಹಳೆಯ ಕುಚ್ಚೆಲ್ಲ ಕಿತ್ತು ಹೊಸದು ನೆಟ್ಟರೆ ಅದು ಯಾರದೋ ಗೊಂಬೆ. ಸಂಗ್ರಹಕಾರರು ಮಾಡಿಕೊಳ್ಳಲಿ, ಮಾರಾಟಕ್ಕೆ ಬೇಕಾಗಬಹುದು. ಮನೆಯ ಗೊಂಬೆಗೆ ಅದರ ಖರ್ಚು ದಂಡ.

ಇಷ್ಟೆಲ್ಲ ಪರದಾಟಕ್ಕೆ ಒಂದು ಕಾರಣವನ್ನು ಸುಲಭವಾಗಿ ನಿವಾರಿಸಬಹುದು. ಅಂಗಿಯ ಕಾಲರಿನ ಚೀಟಿಯಲ್ಲಿ ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು, ಇಸ್ತ್ರಿ ಬಿಸಿ ಎಷ್ಟಿರಬೇಕು ಅಂತ ಬರೆದಿರುತ್ತದೆ. ಚನ್ನಪಟ್ಟಣದ ಗೊಂಬೆ ಕೇಳಿದರೆ ಆಲೆ ಮರ, ಅರಗಿನ ಬಣ್ಣ ಎಂದು ಅಂಗಡಿಯವರೇ ಹೇಳುತ್ತಾರೆ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾಗಿದೆ. ಚೂಪು ಅಂಚು, ಬೆಂಕಿ ಹತ್ತುವ ಗುಣ, ಸೀಸದಂಥ ವಿಷ ಎಲ್ಲ ನೋಡಿ ಕೊಡುವ ಗುರುತು. ಬಹಳ ಒಳ್ಳೆಯದು. ಆದರೆ ನನ್ನ ಮೇಜಿಗೆ ಬಂದ ಡಬ್ಬಿಗಳನ್ನು ತಿರುವಿ ನೋಡಿದ್ದೇನೆ, ಕೂದಲು ಯಾವ ಎಳೆಯದು ಅಂತ ಬರೆದದ್ದು ಕಾಣಲಿಲ್ಲ. ಒಂದೇ ಒಂದು ಪದ ಸಾಕು: ನೈಲಾನ್ ಅಥವಾ ಸರಾನ್ ಅಥವಾ ಇನ್ನೊಂದು. ಡಬ್ಬಿ ಮಕ್ಕಳು ಅದೇ ದಿನ ಹರಿದು ಹಾಕುತ್ತಾರೆ, ಆದ್ದರಿಂದ ಗೊಂಬೆಯ ಬೆನ್ನಿನ ಮೇಲೆ, ತಯಾರಾದ ದೇಶದ ಹೆಸರು ಒತ್ತುವ ಕಡೆಯೇ ಅದನ್ನೂ ಒತ್ತಲಿ. ಮಾನಕ ಬರೆಯುವವರು ಮನಸ್ಸು ಮಾಡಿದರೆ ಆಗದ ಕೆಲಸವಲ್ಲ.

ಅಲ್ಲಿಯ ತನಕ ಲೋಟದ ನೀರು ನನ್ನ ಹತ್ತಿರ ಇದೆ. ಆದರೆ ಎಳೆ ಪಾಲಿಪ್ರೊಪಿಲೀನೋ ಅಲ್ಲವೋ ಎಂದಷ್ಟೇ ಲೋಟ ಹೇಳೀತು, ಕೂದಲು ಮೊದಲು ಹೇಗಿತ್ತು ಅಂತ ಹೇಳದು. 90ರ ದಶಕದಲ್ಲಿ ಇಲ್ಲಿ ಸೀರೆಯುಟ್ಟು, ಬೊಟ್ಟಿಟ್ಟುಕೊಂಡು ಮಾರಾಟವಾದ ಬಾರ್ಬಿಗಳಾದರೆ ನನಗೆ ಕೈ ರೂಢಿ, ಹೊರದೇಶದವು ಹಾಗಲ್ಲ. ಹುಟ್ಟುಹಬ್ಬದ ಕೇಕಿನ ಪಕ್ಕದಲ್ಲೋ ರೈಲಿನ ಕಿಟಕಿಯಲ್ಲೋ ಗೊಂಬೆ ಹಿಡಿದುಕೊಂಡು ತೆಗೆಸಿಕೊಂಡ ಹಳೇ ಫೋಟೋ ಇದ್ದೇ ಇರುತ್ತದೆ. ಆಲ್ಬಮ್ಮಿನಿಂದ ಕಿತ್ತು ತರುವುದು ಬೇಡ, ಫೋನಿನಲ್ಲಿ ಒಂದು ಚಿತ್ರ ಹೊಡೆದುಕೊಂಡು ಬಂದರೆ ಸಾಕು. ಮಹಾಲಯ ಅಮಾವಾಸ್ಯೆಗೆ ವಾರ ಮುಂಚೆ ತನ್ನಿ, ಒಣಗುವುದಕ್ಕೂ ದಿನ ಬೇಕು.