ಕರ್ಮವು ಕೂಡಿ ಕಳೆಯುವ ಅಂಕವಲ್ಲ

“ಅಜ್ಜಾ, ಈ ಆಟದಲ್ಲಿ ಕರ್ಮವೂ ಇದೆ, ನನ್ನದು ಈಗ ಚೆನ್ನಾಗಿದೆ” ಎಂದು ಮೊಮ್ಮಗನು ಗಣಕಯಂತ್ರದ ಪರದೆಯನ್ನು ತೋರಿಸಿದನು. ಅದು 2008ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಫಾಲ್‌ಔಟ್ 3’. ಅಣುಯುದ್ಧದಿಂದ ಹಾಳಾದ ವಾಷಿಂಗ್ಟನ್ ಪ್ರದೇಶದಲ್ಲಿ ಆಡುವವನು ಒಂದು ಪಾತ್ರವಾಗಿ ಅಲೆಯುತ್ತಾನೆ. ಕದ್ದರೆ ‘ಕರ್ಮ’ದ ಅಂಕ ಇಳಿಯುತ್ತದೆ; ಬಾಯಾರಿದ ಭಿಕ್ಷುಕನಿಗೆ ಶುದ್ಧ ನೀರಿತ್ತರೆ ಏರುತ್ತದೆ. ಮೆಗಾಟನ್ ಎಂಬ ಊರನ್ನೇ ಸ್ಫೋಟಿಸಿದವನೂ ಬೇರೆಡೆ ನೀರು ಹಂಚಿ ಹಂಚಿ ಮತ್ತೆ ಸಜ್ಜನನಾಗಬಹುದು!

“ಮಕ್ಕಳು ಹೀಗಾದರೂ ಕರ್ಮಸಿದ್ಧಾಂತ ಕಲಿಯುತ್ತಾರಲ್ಲ” ಎಂದು ಸಂತೋಷಪಡುವ ಹಿರಿಯರುಂಟು. ಇದು ಭ್ರಮೆ. ಜೀವಮಾನವೆಲ್ಲ ಲೆಕ್ಕ ಬರೆದ ವರ್ತಕನಾಗಿ ಹೇಳುತ್ತೇನೆ: ಜಮೆಯಲ್ಲಿ ಖರ್ಚು ಕಳೆದು ಶಿಲ್ಕು ತೆಗೆಯುವುದು ಅಂಗಡಿಯ ರೀತಿ, ಆತ್ಮದ್ದಲ್ಲ. ಕರ್ಮದ ಸ್ಥಿತಿಯೂ ಅನುಭಾಗವೂ ಕಷಾಯವನ್ನು ಅನುಸರಿಸುತ್ತವೆ. ಪುಣ್ಯವೂ ಬಂಧವೇ. ಬಿಡುಗಡೆಯ ದಾರಿ ಸಂವರ ನಿರ್ಜರೆಗಳು. “ಬರಿಯ ಆಟ ತಾನೆ” ಎನ್ನುವವರು ಜನ್ನನ ಯಶೋಧರನನ್ನು ನೆನೆಯಲಿ. ಅವನು ಬಲಿಯಿತ್ತದ್ದು ಹಿಟ್ಟಿನ ಕೋಳಿಯನ್ನು. ಸಂಕಲ್ಪಹಿಂಸೆಯೇ ಅವನನ್ನು ಭವಭವಗಳಲ್ಲಿ ತೊಳಲಿಸಿತು.

ಅದೇ ಸರಣಿಯ 2010ರ ‘ನ್ಯೂ ವೇಗಸ್’ ಆಟದಲ್ಲಿ ಹೂವರ್ ಅಣೆಕಟ್ಟಿಗಾಗಿ ನ್ಯೂ ಕ್ಯಾಲಿಫೋರ್ನಿಯಾ ಗಣರಾಜ್ಯ, ಗುಲಾಮರನ್ನಿಟ್ಟುಕೊಳ್ಳುವ ಸೀಸರನ ದಂಡು, ನಗರದ ಒಡೆಯ ಹೌಸ್ ಸೆಣಸುತ್ತಾರೆ. ಅಲ್ಲಿ ಕರ್ಮದ ಲೆಕ್ಕ ಬೇರೆ, ಪಕ್ಷಪಕ್ಷಗಳಲ್ಲಿ ಗಳಿಸಿದ ಹೆಸರಿನ ಲೆಕ್ಕ ಬೇರೆ. ಒಂದೇ ಪಕ್ಷದೊಳಗೂ ಕೀರ್ತಿ ಅಪಕೀರ್ತಿಗಳಿಗೆ ಎರಡು ಖಾತೆಗಳು; ಒಂದು ಇನ್ನೊಂದನ್ನು ಅಳಿಸದು. ಸೀಸರನ ದಂಡು ಮೆಚ್ಚಿದವನು ಸಜ್ಜನನೇ ಆಗಬೇಕಿಲ್ಲ. ಇಷ್ಟು ವಿವೇಕ ಆ ಆಟಕ್ಕಿತ್ತು. 2015ರ ‘ಫಾಲ್‌ಔಟ್ 4’ರಲ್ಲಿ ಕರ್ಮದ ಅಂಕವನ್ನು ತೆಗೆದರು; ಪಕ್ಷಗಳು ಉಳಿದವು.

ನಮ್ಮಲ್ಲಿ ಉಳಿದಿರುವುದು ಯಾವುದು? ನಮ್ಮ ಪಂಥದವನೆಂದು ತಪ್ಪನ್ನು ಮುಚ್ಚುತ್ತೇವೆ; ಪರಪಂಥದವನಲ್ಲಿ ಅದೇ ತಪ್ಪನ್ನು ಡಂಗುರ ಸಾರುತ್ತೇವೆ. ತೂಕದಲ್ಲಿ ವಂಚಿಸುವುದು ಅಚೌರ್ಯಾಣುವ್ರತದ ಅತಿಚಾರವೆಂದು ಬಲ್ಲೆವು. ವಂಚಿಸಿದವನ ದೇಣಿಗೆಗೆ ಬಸದಿಯ ಗೋಡೆಯಲ್ಲಿ ಫಲಕ ಹಾಕಿಸುತ್ತೇವೆ. ನೀರು ಹಂಚಿ ಅಂಕ ಏರಿಸಿಕೊಂಡ ಹುಡುಗನನ್ನು ಹಳಿಯಲು ನಮಗೇನು ಅಧಿಕಾರ?

ಆಟವನ್ನು ಕಸಿದುಕೊಂಡರೆ ಭಾವಶುದ್ಧಿ ಬಾರದು. ಮಗುವಿನ ಪಕ್ಕದಲ್ಲಿ ಕುಳಿತು ಕೇಳಿರಿ: “ಅಂಕ ಏರದಿದ್ದರೂ ಆ ನೀರನ್ನು ಕೊಡುತ್ತಿದ್ದೆಯಾ?” ಧರ್ಮದರ್ಶಿಗಳು ಮುಂದಿನ ಸಭೆಯಲ್ಲಿ ತಮ್ಮನ್ನೂ ದಾನಿಗಳನ್ನೂ ಕೇಳಲಿ: “ಫಲಕವಿಲ್ಲದಿದ್ದರೂ ಈ ದಾನ ನಡೆಯುತ್ತಿತ್ತೇ?”