ಹೆಡಿಗೆ ಹೆಣೆದವರ ಪಾಲು

ಕುಂದಾಪುರ, ಬೈಂದೂರು ಕಡೆಯ ಹಳೆಯ ಒಕ್ಕಲು ಮನೆಗಳಲ್ಲಿ ‘ಡಿಕ್ಲರೇಶನ್’ ಎಂಬ ಮಾತು ಇನ್ನೂ ಸತ್ತಿಲ್ಲ. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಖಾಯಂ ಹಕ್ಕಿಲ್ಲದ ಚಾಲಗೇಣಿಯವರು ನಮೂನೆ 7ರ ಡಿಕ್ಲರೇಶನ್ ತುಂಬಿ, ಭೂನ್ಯಾಯ ಮಂಡಳಿಯ ಮುಂದೆ ನಿಂತು, ತಾವು ಉಳುತ್ತಿದ್ದ ಗದ್ದೆಯನ್ನು ಪಡೆದರು. ವರ್ಷವರ್ಷವೂ ಧಣಿಯ ಮನೆಗೆ ಗೇಣಿ ಮುಡಿ ಹೊತ್ತವರ ಅಂಗಳದಲ್ಲಿ ಭತ್ತದ ತಿರಿ ಉಳಿಯಿತು. ಅವರ ಮಕ್ಕಳು ಕಾಲೇಜು ಹತ್ತಿದರು. ನಮ್ಮದೂ ಅಂಥದೇ ಮನೆ. ಆಗಿನ ಮುಖ್ಯಮಂತ್ರಿ ದೇವರಾಜ ಅರಸರ ಹೆಸರು ಬಂದರೆ ನನ್ನ ಮನಸ್ಸು ಈಗಲೂ ತುಂಬುತ್ತದೆ.

ಆದರೆ ಆ ನಮೂನೆಗೆ ಗೇಣಿದಾರನಾಗಿರಬೇಕಿತ್ತು. ನಮ್ಮ ಗದ್ದೆಗೆ ಗೊಬ್ಬರ ಹೊತ್ತದ್ದು ಬುಟ್ಟಿ ಹೆಣೆಯುವ ಬುಡಕಟ್ಟಿನವರಾದ ಕೊರಗರು ಹೆಣೆದ ಹೆಡಿಗೆಯಲ್ಲಿ. ಕಾಡಿನಿಂದ ಬಿಳಲು ತಂದು, ಸೀಳಿ, ಹದಮಾಡಿ ಹೆಣೆದವರಿಗೆ ಸಿಕ್ಕುತ್ತಿದ್ದುದು ಒಂದಿಷ್ಟು ಭತ್ತ, ಹಳೆ ಬಟ್ಟೆ. ಗೇಣಿಗೆ ಕೂಡ ಯಾರೂ ಅವರಿಗೆ ಗದ್ದೆ ಕೊಟ್ಟಿರಲಿಲ್ಲ. ಕೂಲಿಯವರಿಗೆ ವಾಸದ ಅಡಿಜಾಗ ಕೊಡುವ ಕಲಮು ಕಾಯಿದೆಯಲ್ಲಿತ್ತು ನಿಜ, ಉಳುವ ನೆಲ ಇರಲಿಲ್ಲ. ಕೋಟದ ಶಿವರಾಮ ಕಾರಂತರು ‘ಚೋಮನ ದುಡಿ’ಯಲ್ಲಿ 1933ರಷ್ಟು ಹಿಂದೆಯೇ ತೋರಿಸಿದ್ದ ಹಸಿವು ಇದು: ಅನ್ನದ್ದಲ್ಲ, ಬೇಸಾಯದ್ದು.

ಎಂಜಲಿನಲ್ಲಿ ಕೂದಲು, ಉಗುರು ಬೆರೆಸಿ ಕೊರಗರಿಗೆ ಉಣ್ಣಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾಯಿದೆಯೇ ಬೇಕಾಯಿತು. ಅದಕ್ಕೂ ಮೊದಲು, 1994ರಲ್ಲಿ, ಕೊರಗರ ಸ್ಥಿತಿಗತಿ ಕುರಿತ ಡಾ. ಮಹಮ್ಮದ್ ಪೀರ್ ವರದಿ ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂದಿತ್ತು. ಅದನ್ನು ಪೂರ್ತಿ ಜಾರಿ ಮಾಡಿ ಎಂದು ಕೊರಗ ಸಂಘಟನೆಗಳು ವರ್ಷಗಳಿಂದ ಕೇಳುತ್ತಲೇ ಬಂದಿವೆ.

ಜಾಗ ಎಲ್ಲಿದೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ನನಗೆ ಕುಮ್ಕಿ ನೆನಪಾಗುತ್ತದೆ. ವರ್ಗ ಜಾಗಕ್ಕೆ, ಅಂದರೆ ಪಟ್ಟಾ ಜಮೀನಿಗೆ, ತಾಗಿದ ಸರ್ಕಾರಿ ನೆಲ ಅದು. ಸೊಪ್ಪು ಕಡಿಯಲು, ತರಗೆಲೆ ಗುಡಿಸಲು, ದನ ಮೇಯಿಸಲು ವರ್ಗದಾರನಿಗೆ ಸವಲತ್ತು ಇತ್ತು, ಒಡೆತನ ಇರಲಿಲ್ಲ. ಈಗ ಎಷ್ಟೋ ಕಡೆ ಅಲ್ಲಿ ರಬ್ಬರ್, ಅಡಿಕೆ ಎದ್ದಿದೆ, ಬೇಲಿ ಬಿದ್ದಿದೆ. ಬೇಲಿ ಹಾಕಿದವರಲ್ಲಿ ಡಿಕ್ಲರೇಶನ್‌ನಿಂದ ಭೂಮಿ ಕಂಡ ನಮ್ಮಂಥವರೂ ಇದ್ದೇವೆ. ಒಂದು ತಲೆಮಾರಿನ ಹಿಂದೆ ಧಣಿಗಳ ಮುಂದೆ ನಾವು ಇಟ್ಟ ವಾದವನ್ನೇ ಇವತ್ತು ಕೊರಗರು ನಮ್ಮ ಮುಂದೆ ಇಟ್ಟರೆ, ಆಗ ಧಣಿಗಳು ಕೊಟ್ಟ ಉತ್ತರವನ್ನೇ ನಾವು ಕೊಡುತ್ತಿದ್ದೇವೆ.

ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ಬಿಳಲಿನ ಹೆಡಿಗೆಗೆ ಗಿರಾಕಿ ಇಲ್ಲ. ಕೊರಗರು ಕಾಡಿಗೆ ಹೋದರೆ ಅರಣ್ಯ ಇಲಾಖೆಯ ತಡೆ. ಬ್ರಹ್ಮಾವರ, ಬೈಂದೂರು ಬೇರೆ ತಾಲೂಕುಗಳಾಗಿ ಕಚೇರಿಯೇನೋ ಹತ್ತಿರ ಬಂದಿದೆ. ಕೊರಗರಿಗೆ ನೆಲ ಕೊಡಲು ಅದು ಮೊದಲು ಅಳೆಯಬೇಕಾದದ್ದು ನಮ್ಮ ಬೇಲಿಯೊಳಗಿನ ಕುಮ್ಕಿಯನ್ನು.